ತಡೆಗಲ್ಲಮ್ಮನಿಗೆ ಹಾಲು ತುಪ್ಪ

ಸರಗೂರು ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಟೀ ಹೋಟೆಲ್ಲು. ಹೋಟೆಲ್ಲು ಎನ್ನುವುದು ಬಾಯಿಮಾತಿಗೆ. ಇರುವುದು ಎರಡು ಬೆಂಚು, ಒಂದು ಸ್ಟೌವ್, ಮಳೆ ಬಂದರೆ ಸೋರುವ ಶೀಟು. ಆದರೆ ಸೀಮೆಯ ಯಾವ ಸರ್ಕಾರಿ ಕೆಲಸ ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎನ್ನುವುದು ಕಚೇರಿಗಿಂತ ಮೊದಲು ನನ್ನ ಬೆಂಚಿಗೆ ಗೊತ್ತಾಗುತ್ತದೆ. ಇಷ್ಟು ವರ್ಷ ಬಂದವರಿಗೆಲ್ಲ ಟೀ ಕೊಟ್ಟು, ಅವರ ಮಾತು ಕೇಳಿ ಕೇಳಿ ನನಗೆ ಉಳಿದ ಲಾಭವೆಂದರೆ ಸಿಟ್ಟು. ಅದರಲ್ಲಿ ಮುಕ್ಕಾಲು ಪಾಲು ನಮ್ಮೂರ ತಡೆಗೋಡೆಯದು.

ನಮ್ಮೂರು ಲಕ್ಕಿಕೊಪ್ಪಲು. ಸರಗೂರಿಗೆ ಹತ್ತಿರ, ಕಬಿನಿ ಹೊಳೆಯ ದಂಡೆಯಲ್ಲೇ ಇದೆ. ದಂಡೆಯ ಉದ್ದಕ್ಕೂ ಲಕ್ಕಿ ಗಿಡ ಒತ್ತಾಗಿ ಬೆಳೆದಿತ್ತು, ಅದಕ್ಕೇ ಆ ಹೆಸರು. ಮೇಲುಗಡೆ ಅಣೆಕಟ್ಟಿದೆ. ಹಾಗಾಗಿ ನಮ್ಮ ಪ್ರವಾಹದ ರೀತಿಯೇ ಬೇರೆ. ನಮ್ಮಲ್ಲಿ ಮಳೆಯೇ ಬಂದಿರುವುದಿಲ್ಲ. ಬಿಸಿಲು ಚುರುಗುಟ್ಟುತ್ತಿರುತ್ತದೆ, ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿರುತ್ತೇವೆ. ಅತ್ತ ವೈನಾಡಿನಲ್ಲಿ ಮಳೆ ಹೊಡೆದು ಅಣೆಕಟ್ಟು ತುಂಬುತ್ತದೆ, ಗೇಟು ಎತ್ತುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಆ ಬಿಸಿಲಿನಲ್ಲೇ ಹೊಳೆ ಊರೊಳಕ್ಕೆ ಬಂದು ಮೆಣಸಿನಕಾಯಿಯನ್ನು ತೇಲಿಸಿಕೊಂಡು ಹೋಗುತ್ತದೆ.

ಚಿಕ್ಕಬೀರಮ್ಮ ನಮ್ಮ ಮನೆಯಿಂದ ಮೂರನೇ ಮನೆಯವಳು. ಹುಟ್ಟಿದ್ದು ಬೆಟ್ಟದಪುರದ ಕಡೆ, ಹೊಗೆಸೊಪ್ಪಿನ ಸೀಮೆಯಲ್ಲಿ. ಬಾವಿಯಿಂದ ಸೇದಿದ ನೀರನ್ನು ಎಣಿಸಿ ಖರ್ಚು ಮಾಡಿ ಬೆಳೆದವಳು. ಮದುವೆಯಾಗಿ ಬಂದ ವರ್ಷ ಹೊಳೆ ಮೊದಲ ಸಲ ಅವಳ ಅಂಗಳಕ್ಕೆ ಬಂದಾಗ ಉಳಿದ ಹೆಂಗಸರು ಅರಿಶಿನ ಕುಂಕುಮ ಹಿಡಿದು ಗಂಗಮ್ಮನಿಗೆ ಕೈಮುಗಿದರೆ ಇವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬೈದಳಂತೆ: "ಕರೆದವ್ರು ಯಾರೇ ನಿನ್ನ? ಹೇಳದೆ ಕೇಳದೆ ಮನೆ ಒಳಿಕ್ಕೆ ನುಗ್ತೀಯಲ್ಲ, ಮಾನ ಮರ್ಯಾದೆ ಅದಾ?" ಅವತ್ತಿನಿಂದ ಊರಲ್ಲಿ ಅವಳಿಗೆ ಹೊಳೆಗೆ ಬೈದೋಳು ಎಂಬ ಹೆಸರು ನಿಂತಿತು. ದಂಟು, ಸಬ್ಬಸಿಗೆ, ಕೀರೆ ಬೆಳೆದು ಕುಕ್ಕೆಯಲ್ಲಿ ಹೊತ್ತು ತಂದು ಸರಗೂರಿನಲ್ಲಿ ಮಾರುತ್ತಿದ್ದಳು. ಕುಕ್ಕೆಗೆ ಲಗೇಜು ಕೇಳಿದ ಕಂಡಕ್ಟರು ಇನ್ನೊಂದು ಸಲ ಕೇಳಿದ್ದಿಲ್ಲ. ಗಂಡ ಸಣ್ಣಬೀರಯ್ಯ ಇದಕ್ಕೆ ತದ್ವಿರುದ್ಧ. ಒಂದು ಮಾತಾಡುವುದಕ್ಕೆ ಮೂರು ಸಲ ತಲೆ ಕೆರೆದುಕೊಳ್ಳುವ ಪ್ರಾಣಿ. ಮನೆಯ ಮಾತನ್ನೆಲ್ಲ ಹೆಂಡತಿಯ ಸುಪರ್ದಿಗೆ ಬಿಟ್ಟು ನೆಮ್ಮದಿಯಾಗಿದ್ದ.

ಇವರಿಗೆ ಬಹಳ ವರ್ಷ ಕಾದ ಮೇಲೆ ಒಬ್ಬಳೇ ಮಗಳು. ಮನೆಯವರು ಇಟ್ಟ ಹೆಸರು ಬೇರೆ ಇತ್ತು. ಶಾಲೆಗೆ ಸೇರಿಸುವಾಗ ಮೇಡಮ್ಮು ಪವಿತ್ರಾ ಎಂದು ಬರೆದುಕೊಂಡರು. ಆ ಹೆಸರು ಹುಡುಗಿಗೆ ಎಷ್ಟು ಹಿಡಿಸಿತೆಂದರೆ ಸೀಮೆಸುಣ್ಣ ಸಿಕ್ಕಿದಾಗಲೆಲ್ಲ ಬಾಗಿಲ ಮೇಲೆ, ರಾಗಿ ತುಂಬುವ ಮಣ್ಣಿನ ವಾಡೆಯ ಮೇಲೆ, ಅಪ್ಪನ ನೇಗಿಲ ಮೇಲೆ ಬರೆದು ಇಟ್ಟಿದ್ದಳು. ಓದು ಬರಹ ಬಾರದ ಚಿಕ್ಕಬೀರಮ್ಮನಿಗೆ ಆ ಒಂದು ಹೆಸರು ಮಾತ್ರ ನೋಡಿ ನೋಡಿ ಗುರುತು ಸಿಗುತ್ತಿತ್ತು.

ತೊಂಬತ್ತೊಂದರ ಮಳೆಗಾಲದಲ್ಲಿ ಹುಡುಗಿಗೆ ಜ್ವರ ಬಂದು ತಲೆಗೇರಿತು. ಅದೇ ಹೊತ್ತಿಗೆ ಗೇಟು ಎತ್ತಿದ್ದರು. ಸರಗೂರಿನ ರಸ್ತೆಯ ಮೋರಿ ಮುಳುಗಿತ್ತು. ಸಣ್ಣಬೀರಯ್ಯ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಎದೆಮಟ್ಟದ ನೀರಿಗೆ ಇಳಿದು, ಕಾಲು ನಿಲ್ಲದೆ ಹಿಂದಕ್ಕೆ ಬಂದ. ಇನ್ನೊಂದು ಸಲ ಇಳಿದ, ಇನ್ನೊಂದು ಸಲ ಬಂದ. ಆಸ್ಪತ್ರೆ ಆ ದಡದಲ್ಲಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿತ್ತು. ಹುಡುಗಿ ಈ ದಡದಲ್ಲೇ ಹೋದಳು. ತಾತ ಮುತ್ತಾತಂದಿರನ್ನು ಹೂಳುವ ಹಾಗೆ ಅವಳನ್ನೂ ಹೊಳೆಯ ಪಕ್ಕದ ಸ್ವಂತ ಹೊಲದಲ್ಲಿ, ಹೊಂಗೆ ಮರದ ಕೆಳಗೆ ಹೂತರು. ಚಿಕ್ಕ ಮಕ್ಕಳಿಗೆ ಕಲ್ಲು ನೆಡುವ ಪದ್ಧತಿ ಇಲ್ಲ. ಒಂದು ಮಣ್ಣಿನ ಗುಡ್ಡೆ, ಅದರ ತಲೆಯ ಕಡೆ ಒಂದು ಕಣಗಿಲೆ ಗಿಡ, ಅಷ್ಟೇ.

ಮಗಳು ಹೋದ ಮೇಲೆ ಚಿಕ್ಕಬೀರಮ್ಮನಿಗೆ ಇನ್ನೊಂದು ಹೆದರಿಕೆ ಹುಟ್ಟಿತು. ಹೊಳೆ ವರ್ಷವೂ ದಂಡೆಯನ್ನು ಸ್ವಲ್ಪ ಸ್ವಲ್ಪ ಕೊರೆದು ತಿನ್ನುತ್ತಿತ್ತು. ಗುಡ್ಡೆಗೂ ನೀರಿಗೂ ನಡುವೆ ಆಗ ಒಂದು ದೊಡ್ಡ ಪಟ್ಟೆ ಹೊಲ ಇತ್ತು. ಎಷ್ಟು ದಿನ ಇರುತ್ತದೆ? ಒಂದು ಬೆಳಿಗ್ಗೆ ನನ್ನ ಹೋಟೆಲಿನಲ್ಲಿ ಒಬ್ಬ ಇಂಜಿನಿಯರು ಟೀ ಕುಡಿಯುತ್ತಿದ್ದಾಗ ಇವಳು ಸೊಪ್ಪಿನ ಕುಕ್ಕೆ ಇಳಿಸಿ ಎದುರಿಗೆ ನಿಂತಳು.

"ಏನ್ ಸಾರ್, ನಮ್ಮೂರ್ಗೊಂದು ಗೋಡೆ ಕಟ್ಟಾಕೆ ನಿಮ್ಮ ಸರ್ಕಾರಕ್ಕೆ ಏನ್ ದಾಡಿ? ನನ್ನ ಮಗ್ಳು ಜೀವ ಕಿತ್ಕೊಂಡಾಯ್ತು ಆ ಒಳೆ. ಮಣ್ಣಲ್ಲಿ ಮಲಗ್ಸಿರೋ ಮೈಯನ್ನೂ ಕಿತ್ಕೊಂಡ್ ಓಗಾಕೆ ನಾನ್ ಬುಡಾಕಿಲ್ಲ. ಬರ್ಕೊಳ್ಳಿ."

ಆತ ಪಾಪ, ಹೊಸಬ. ನಿಜವಾಗಿಯೂ ಬರೆದುಕೊಂಡ. ಊರಿನವರೂ ಅರ್ಜಿ ಕೊಟ್ಟರು. ತೊಂಬತ್ತಮೂರರಲ್ಲಿ ಎಂಟು ಲಕ್ಷದ ತಡೆಗೋಡೆ ಮಂಜೂರಾಯಿತು.

ಗುದ್ದಲಿ ಪೂಜೆ ಗಡದ್ದಾಗಿ ನಡೆಯಿತು. ಪುರೋಹಿತರು ದಿಕ್ಕು ನೋಡಿ ಈಶಾನ್ಯದ ಮೂಲೆ ಎಂದು ತೋರಿಸಿದ ಜಾಗ ಚಿಕ್ಕಬೀರಮ್ಮನ ಹೊಲದ ಅಂಚಾಗಿತ್ತು. ಜಮೀನಿನ ಒಡತಿ, ಅದೂ ಮುತ್ತೈದೆ, ಅವಳೇ ಆರತಿ ಎತ್ತಲಿ ಎಂದರು. ಎತ್ತಿದಳು. ಮುಖಂಡರು ಹೂವಿನ ಹಾರ ಹಾಕಿದ ಗುದ್ದಲಿಯಿಂದ ಒಂದು ಹಿಡಿ ಮಣ್ಣು ಕೆದಕಿದರು. ಹೆಸರು ಕೆತ್ತಿದ ಕಪ್ಪು ಕಲ್ಲನ್ನು ನೆಟ್ಟು ಅರಿಶಿನ ಕುಂಕುಮ ಹಚ್ಚಿದರು. ಕಾರುಗಳು ಹೋದ ಮೇಲೆ ಅವಳು ನನ್ನನ್ನು ಕರೆದಳು.

"ಏನ್ ಬರ್ದವ್ರೆ ಓದು ಲಿಂಗಣ್ಣ."

ಓದಿದೆ. ಅಮೃತ ಹಸ್ತದವರು, ಘನ ಉಪಸ್ಥಿತಿಯವರು, ಅಧ್ಯಕ್ಷತೆಯವರು, ಗುತ್ತಿಗೆದಾರ ಬಸವರಾಜು.

"ನನ್ನ ಮಗ್ಳು ಹೆಸ್ರು ಇಲ್ವಾ? ಅವಳಿಂದ್ಲೇ ಅಲ್ವಾ ಗೋಡೆ ಬತ್ತಿರೋದು?"

ಅಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ.

ಕೆಲಸ ಶುರುವಾಯಿತು ಎಂದು ತೋರಿಸಬೇಕಲ್ಲ, ಬಸವರಾಜು ಮೊದಲು ಮಾಡಿದ ಕೆಲಸವೆಂದರೆ ಜೆಸಿಬಿ ತರಿಸಿ ದಂಡೆಯ ಲಕ್ಕಿ ಗಿಡಗಳನ್ನೆಲ್ಲ ಬುಡಸಮೇತ ಕೀಳಿಸಿದ್ದು. ಪಾಯ ತೆಗೆಯಲು ಜಾಗ ಬೇಕು ಎಂದ. ಅಷ್ಟು ಕಾಲ ಆ ಮಣ್ಣನ್ನು ಹಿಡಿದಿಟ್ಟಿದ್ದು ಆ ಬೇರುಗಳೇ. ಗಿಡ ಕಿತ್ತದ್ದಕ್ಕೆ ಬಿಲ್ಲಾಯಿತು, ಜೆಸಿಬಿ ಹೋಯಿತು. ಆಮೇಲೆ ಹತ್ತು ವರ್ಷ ದಂಡೆ ಬೋಳಾಗಿ ಬಿದ್ದಿತ್ತು. ಊರಿನ ಹೆಸರಿನಲ್ಲಿ ಮಾತ್ರ ಲಕ್ಕಿ ಉಳಿಯಿತು.

ಮುಂದಿನ ವರ್ಷ ಹೊಳೆ ಬಂತು. ಬೋಳು ದಂಡೆಯನ್ನು ಬೆಣ್ಣೆ ತೆಗೆದ ಹಾಗೆ ತೆಗೆದು ಹೊಲದೊಳಕ್ಕೆ ನುಗ್ಗಿತು. ಚಿಕ್ಕಬೀರಮ್ಮ ಗುಡ್ಡೆಯ ಹತ್ತಿರ ನಿಂತು ಬೈಯುತ್ತಿದ್ದಳು. ಗಂಟಲು ಬಿದ್ದುಹೋಗಿತ್ತು. ನೀರು ಏರುತ್ತಾ ಏರುತ್ತಾ ಆ ಹೆಸರಿನ ಕಲ್ಲಿನ ಬುಡಕ್ಕೆ ಬಂತು, ಅಲ್ಲೇ ನಿಂತಿತು, ಸಂಜೆಯ ಹೊತ್ತಿಗೆ ಹಿಂದಕ್ಕೆ ಸರಿಯಿತು. ಕಾರಣ ಏನೂ ಇಲ್ಲ, ಮೇಲೆ ಗೇಟು ಇಳಿಸಿದ್ದರು. ಆದರೆ ಕಲ್ಲಿನ ಹಿಂದೆಯೇ ಮಗಳ ಗುಡ್ಡೆ ಇದ್ದ ತಾಯಿಗೆ ಗೇಟಿನ ಲೆಕ್ಕ ಹೇಗೆ ಹೊಳೆಯಬೇಕು? ಅವಳಿಗೆ ಕಂಡದ್ದು ಕಲ್ಲು ಹೊಳೆಯನ್ನು ತಡೆದದ್ದು. ಆ ಕಲ್ಲಿಗೆ ಅಡ್ಡಬಿದ್ದಳು. ಕೆಸರು ತೊಳೆದು, ಅರಿಶಿನ ಬಳಿದು, ತನ್ನ ಕೈಯ ಹಸಿರು ಬಳೆ ಎರಡನ್ನು ಬಿಚ್ಚಿ ಅದರ ಮುಂದೆ ಇಟ್ಟಳು. ಜನ್ಮದಲ್ಲಿ ಒಂದೇ ಸಲ ಹೊಳೆಗೆ ಬೈಯುವುದು ಬಿಟ್ಟು ಕಲ್ಲಿಗೆ ಕೈಮುಗಿದಳು, ಅದೇ ತಪ್ಪಾಯಿತು.

ಯಾಕೆಂದರೆ ನಮ್ಮ ಜನಕ್ಕೆ ಒಬ್ಬರು ಕೈಮುಗಿದ ಕಲ್ಲು ಸಿಕ್ಕರೆ ಸಾಕು. ವಾರ ಕಳೆಯುವುದರೊಳಗೆ ಅದಕ್ಕೆ ತಡೆಗಲ್ಲಮ್ಮ ಎಂದು ಹೆಸರಾಯಿತು. ಮಂಗಳವಾರ ಶುಕ್ರವಾರ ಪೂಜೆ. ಅರಿಶಿನದ ಕೆಳಗೆ ಅಮೃತ ಹಸ್ತವೂ ಘನ ಉಪಸ್ಥಿತಿಯೂ ಮುಚ್ಚಿಹೋದವು. ನಮ್ಮೂರ ಚಾಮಯ್ಯ, ಹೊಲದ ಕೆಲಸ ಎಂದರೆ ಸೊಂಟ ಹಿಡಿಯುವ ಆಸಾಮಿ, ಅವನ ಮೈಮೇಲೆ ಅಮ್ಮ ಬರತೊಡಗಿದಳು. ಬಂದವಳು ಮೊದಲು ಹೇಳಿದ್ದೇ "ನನ್ನನ್ನ ಜಾಗ ಕದಲುಸ್ಬ್ಯಾಡಿ" ಎಂದು. ತಟ್ಟೆಗೆ ಬೀಳುವ ದಕ್ಷಿಣೆ ಚಾಮಯ್ಯನಿಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ವರವೂ ಪೂಜಾರಿಯದೇ, ದೇವರೂ ಪೂಜಾರಿಯದೇ.

ಇತ್ತ ನನ್ನ ಬೆಂಚಿನ ಮೇಲೆ ಗೋಡೆ ಬೆಳೆಯುತ್ತಿತ್ತು. ದಂಡೆಯ ಮೇಲೆ ಅಲ್ಲ, ಮಾತಿನಲ್ಲಿ. ಬಸವರಾಜು ಟೀ ಹೀರುತ್ತಾ ವಿವರಿಸುತ್ತಿದ್ದ: ಹೊಳೆ ದಂಡೆ ಕೊರೆದಿದೆ, ಆದ್ದರಿಂದ ಗೋಡೆ ಉದ್ದ ಆಗಬೇಕು, ಪಾಯ ಆಳ ಆಗಬೇಕು, ಸಿಮೆಂಟಿನ ರೇಟು ಏರಿದೆ, ಹಳೇ ಅಂದಾಜಿಗೆ ಕೆಲಸ ಆಗಲ್ಲ, ಹೊಸ ಅಂದಾಜು ಮೇಲಕ್ಕೆ ಹೋಗಿದೆ. ಮೇಲಕ್ಕೆ ಹೋದದ್ದು ಕೆಳಗೆ ಬರುವುದರೊಳಗೆ ಹೊಳೆ ಇನ್ನಷ್ಟು ಕೊರೆಯುತ್ತಿತ್ತು. ಆಗ ಇನ್ನೂ ಹೊಸ ಅಂದಾಜು. ಹೊಳೆ ದಂಡೆಯನ್ನು ತಿನ್ನುತ್ತಿತ್ತು, ಇವರು ದಂಡೆಯ ಹೆಸರಿನಲ್ಲಿ ತಿನ್ನುತ್ತಿದ್ದರು. ಇಬ್ಬರಲ್ಲಿ ಹೊಳೆಗೇ ಒಂದಿಷ್ಟು ಮರ್ಯಾದೆ ಇತ್ತು, ಬೇಸಿಗೆಯಲ್ಲಿ ನಿಲ್ಲಿಸುತ್ತಿತ್ತು.

ತೊಂಬತ್ತೇಳರಲ್ಲಿ ಮೂವತ್ತು ಲಕ್ಷವಾಯಿತು. ಹೊಸ ಮುಖಂಡರು ಬಂದರು, ಹೊಸ ಗುದ್ದಲಿ ಪೂಜೆ, ಹೊಸ ಹೆಸರುಗಳ ಹೊಸ ಕಲ್ಲು. ಮೊದಲನೆಯ ಕಲ್ಲಿನ ಪಕ್ಕದಲ್ಲೇ ನೆಟ್ಟರು. ಚಾಮಯ್ಯ ಅದಕ್ಕೂ ಅರಿಶಿನ ಬಳಿದು ತಂಗಿ ಎಂದು ಹೆಸರಿಟ್ಟ. ಎರಡು ಸಾವಿರದ ಮೂರರಲ್ಲಿ ಒಂದು ಕೋಟಿ ದಾಟಿತು. ಇನ್ನೊಂದು ಕಲ್ಲು ಬಂತು, ಇನ್ನೊಬ್ಬಳು ತಂಗಿಯಾದಳು. "ಇಂಗೇ ಆದ್ರೆ ಏಳು ಜನ ಅಕ್ಕತಂಗೇರಾಯ್ತರೆ, ಗೋಡೆ ಮಾತ್ರ ಒಂದೂ ಆಗಕಿಲ್ಲ ಬುಡು" ಎಂದು ಚಿಕ್ಕಬೀರಮ್ಮ ಎಲ್ಲರ ಮುಂದೆ ಹೇಳಿ ಚಾಮಯ್ಯನ ಕೆಂಗಣ್ಣಿಗೆ ಗುರಿಯಾದಳು. ಅಷ್ಟು ಹೊತ್ತಿಗೆ ಅವಳ ಭಕ್ತಿ ಇಳಿದಿತ್ತು. ಗುಡ್ಡೆಯ ಮುಂದಿನ ಹೊಲವೆಲ್ಲ ಹೊಳೆಗೆ ಹೋಗಿ, ಒಂದು ಎತ್ತಿನ ಗಾಡಿ ತಿರುಗಿಸುವಷ್ಟು ಜಾಗ ಉಳಿದಿತ್ತು.

ಆ ವರ್ಷ ಮಾತ್ರ ಕೆಲಸ ನಿಜವಾಗಿ ನಡೆಯಿತು. ಗೋಡೆ ಊರಿನ ಎರಡು ತುದಿಯಿಂದಲೂ ಎದ್ದು ಮಧ್ಯಕ್ಕೆ ಬಂತು. ಮಧ್ಯದಲ್ಲಿ ಅಮ್ಮಂದಿರು ನಿಂತಿದ್ದರು. ಗೋಡೆಯ ದಾರಿಗೆ ಸರಿಯಾಗಿ ಅಡ್ಡವಾಗಿ, ಸಾಲಾಗಿ ಮೂವರು.

ಕಲ್ಲು ತೆಗೆಯಬೇಕು ಎಂದರೆ ಚಾಮಯ್ಯ ನೆಲಕ್ಕೆ ಬಿದ್ದು ಹೊರಳಿದ. ಊರಿಗೆ ಕೇಡು, ದನ ಸಾಯುತ್ತವೆ, ಗರ್ಭ ನಿಲ್ಲುವುದಿಲ್ಲ ಎಂದ. ಊರಿನ ಗಂಡಸರು ಹಿಂದಕ್ಕೆ ಸರಿದರು. ಚಿಕ್ಕಬೀರಮ್ಮ ಒಬ್ಬಳೇ ನಡುವೆ ಬಂದಳು.

"ಮೊದ್ಲು ಅರಿಶ್ಣ ಹಚ್ಚಿದೋಳು ನಾನು. ನಾನೇ ತೊಳೀತೀನಿ, ನಾನೇ ಎತ್ತಿ ಪಕ್ಕಕ್ಕೆ ಇಡ್ತೀನಿ. ಪಾಪ ಬಂದ್ರೆ ನಂಗೆ ಬರ್ಲಿ. ಗೋಡೆ ಕೂಡ್ಸಿ. ಸಂದು ಇರೋದು ಸರಿಯಾಗಿ ನನ್ನ ಮಗ್ಳು ತಲೆ ಮುಂದ್ಗಡೆ ಕಣ್ರೋ."

"ನಿನ್ನ ಮಗ್ಳು ಗುಡ್ಡೆಗೋಸ್ಕರ ಊರೇ ಹಾಳಾಗ್ಬೇಕಾ?" ಎಂದ ಚಾಮಯ್ಯ. ಒಬ್ಬನೂ ಅವನ ಬಾಯಿಗೆ ಬಡಿಯಲಿಲ್ಲ. ಹೆಂಗಸರು ಅವಳ ಕೈ ಹಿಡಿದು ಎಳೆದುಕೊಂಡು ಹೋದರು.

ಬಸವರಾಜುಗೆ ಇದಕ್ಕಿಂತ ಹಬ್ಬ ಬೇಕೇ? ಜನರ ಭಾವನೆಗೆ ಧಕ್ಕೆ ತರಲ್ಲ ಎಂದು ಕೈಮುಗಿದ. ಗೋಡೆಯನ್ನು ಅಮ್ಮಂದಿರ ಆ ಕಡೆಗೊಂದು ಈ ಕಡೆಗೊಂದು ನಿಲ್ಲಿಸಿ, ನಡುವೆ ಎರಡು ಲಾರಿ ಒಟ್ಟಿಗೆ ಹೋಗುವಷ್ಟು ಸಂದು ಬಿಟ್ಟ. ಬಿಲ್ಲನ್ನು ಮಾತ್ರ ಪೂರ್ತಿ ಗೋಡೆಗೆ ಮಾಡಿಸಿದ. ಇದನ್ನು ಅವನೇ ನನ್ನ ಬೆಂಚಿನ ಮೇಲೆ ಕೂತು, ಬನ್ನು ಅದ್ದಿಕೊಂಡು ತಿನ್ನುತ್ತಾ, ನಗುನಗುತ್ತಾ ಹೇಳಿದ. ದೇವರಿಗೆ ತನ್ನ ಸೇವೆ ಇರಲಿ ಎಂದು ಮೂರು ಕಲ್ಲಿಗೂ ಸೇರಿಸಿ ಒಂದು ಕಾಂಕ್ರೀಟ್ ಕಟ್ಟೆ ಬೇರೆ ಕಟ್ಟಿಸಿದ್ದ. ಇಡೀ ಕಾಮಗಾರಿಯಲ್ಲಿ ಸಿಮೆಂಟು ಸರಿಯಾಗಿ ಬಿದ್ದದ್ದು ಆ ಕಟ್ಟೆಗೆ ಮಾತ್ರ.

ಎರಡು ಸಾವಿರದ ಐದರ ಮಳೆಗಾಲ. ಸರಗೂರಿನಲ್ಲಿ ಬಿಸಿಲಿತ್ತು. ಆಟೋದಲ್ಲಿ ಮೈಕು ಕಟ್ಟಿಕೊಂಡು ಗೇಟು ಎತ್ತುತ್ತಾರೆ ಎಂದು ಸಾರಿಕೊಂಡು ಹೋದರು. ನಾನು ಹೋಟೆಲು ಮುಚ್ಚಿ ಊರಿಗೆ ಓಡಿದೆ. ನಾನು ಹೋಗುವ ಹೊತ್ತಿಗೆ ಚಿಕ್ಕಬೀರಮ್ಮ ಸಂದಿಗೆ ಅಡ್ಡಲಾಗಿ ಸೊಪ್ಪು, ಮುಳ್ಳು, ಗೋಣಿಚೀಲಕ್ಕೆ ಮಣ್ಣು ತುಂಬಿ ಒಟ್ಟುತ್ತಿದ್ದಳು. ಸಣ್ಣಬೀರಯ್ಯ ಚೀಲ ಹೊರುತ್ತಿದ್ದ. ನಾನೂ ಕೈ ಹಾಕಿದೆ. ಎಷ್ಟು ಹೊತ್ತು ನಡೆದೀತು ಅದು? ಗೋಡೆ ಇಲ್ಲದಿದ್ದ ಕಾಲದಲ್ಲಿ ಹೊಳೆ ಹರಡಿಕೊಂಡು ಬರುತ್ತಿತ್ತು, ಮೊಣಕಾಲು ಮಟ್ಟ ನಿಂತು ಹೋಗುತ್ತಿತ್ತು. ಈಗ ಎರಡು ಕಡೆ ಗೋಡೆ ಒತ್ತಿ ಹಿಡಿದು, ಇರುವುದೊಂದೇ ಬಾಗಿಲು ಎಂದು ಅಷ್ಟೂ ನೀರು ಆ ಸಂದಿಗೇ ನುಗ್ಗಿತು. ಚೀಲಗಳು ಹೋದವು. ಸಣ್ಣಬೀರಯ್ಯ ಹೆಂಡತಿಯ ಸೊಂಟವನ್ನು ತಬ್ಬಿ ಹಿಂದಕ್ಕೆ ಎಳೆದ. ನಮ್ಮ ಕಣ್ಣೆದುರಿಗೇ ನೆಲ ಸೀಳಿತು. ಹೊಂಗೆ ಮರ ಒಂದು ಸಲ ಬಾಗಿ, ಬೇರು ಮೇಲಾಗಿ ಹೊರಟಿತು. ಕಣಗಿಲೆ ಗಿಡ ಎಲ್ಲಿ ಹೋಯಿತೋ ಕಾಣಲೇ ಇಲ್ಲ.

ಹೊಳೆಗೆ ಬೈದವಳು ಅವತ್ತು ಬೈಯಲಿಲ್ಲ. ಗಂಡನ ಕೈಯಲ್ಲಿ ಸುಮ್ಮನೆ ನೇತುಬಿದ್ದಳು. ನೀರು ಇಳಿದ ಮೇಲೆ ಅಲ್ಲಿ ಒಂದು ದೊಡ್ಡ ಹೊಂಡ ಇತ್ತು. ಅದರ ಮುಂದೆ, ಬಸವರಾಜುವಿನ ಕಾಂಕ್ರೀಟ್ ಕಟ್ಟೆಯ ಮೇಲೆ, ಮೂವರು ಅಮ್ಮಂದಿರೂ ಕುಂಕುಮ ಕೂಡ ಕರಗದ ಹಾಗೆ ನಿಂತಿದ್ದರು. ಅಮ್ಮನ ಪವಾಡ ಎಂದು ಚಾಮಯ್ಯ ಕರ್ಪೂರ ಹಚ್ಚಿದ. ಅವತ್ತು ಅವನನ್ನು ಹೊಳೆಗೆ ದಬ್ಬಬೇಕೆಂದು ನನಗೆ ಅನಿಸಿತು. ಇವತ್ತಿಗೂ ಅನಿಸುತ್ತದೆ.

ಆ ವರ್ಷ ಪಿತೃಪಕ್ಷದಲ್ಲಿ ಎಡೆ ಇಡುವುದಕ್ಕೆ ಅವರಿಗೆ ಜಾಗ ಇರಲಿಲ್ಲ. ಮಗಳಿಗೆ ಇಷ್ಟವಾದ ಕಡಲೆಬೇಳೆ ಒಬ್ಬಟ್ಟು ಮಾಡಿ ಎಲೆಯಲ್ಲಿಟ್ಟುಕೊಂಡು ಗಂಡ ಹೆಂಡತಿ ಹೊಂಡದ ಸುತ್ತ ಒಂದು ಸುತ್ತು ಬಂದರು. ಎಲ್ಲಿ ಇಡುವುದೆಂದು ತೋಚಲಿಲ್ಲ. ಎಡೆಯನ್ನು ಮನೆಗೆ ವಾಪಸು ತಂದರು. ಚಿಕ್ಕಬೀರಮ್ಮ ಸೊಪ್ಪು ಮಾರಲು ಬಂದವಳು ಇದನ್ನು ನನಗೆ ಹೇಳುವಾಗ ಅಳಲಿಲ್ಲ. ಅವಳ ಮುಖ ನೋಡುವುದಕ್ಕೆ ನನಗೇ ಆಗಲಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ಹಾಗೆ, ಮುಂದಿನ ವರ್ಷ ಸಂದು ಮುಚ್ಚುವ ಕಾಮಗಾರಿ ಮಂಜೂರಾಯಿತು. ನಲವತ್ತು ಲಕ್ಷ. ಮೊದಲು ಇಡೀ ಊರಿನ ಗೋಡೆಗೆ ಎಂಟು ಲಕ್ಷ ಎಂದವರು, ಎರಡು ಲಾರಿ ಅಗಲದ ಸಂದಿಗೆ ನಲವತ್ತು ಲಕ್ಷ ಎಂದರು. ಗುತ್ತಿಗೆ ಬಸವರಾಜುಗೇ. ಅಮ್ಮಂದಿರನ್ನು ಮುಟ್ಟದೆ, ಗೋಡೆಯನ್ನು ಅವರ ಸುತ್ತ ಬಳಸಿಕೊಂಡು ಹೋಗುವ ಹೊಸ ನಕ್ಷೆ, ಅದಕ್ಕೇ ಇಷ್ಟು ಖರ್ಚು ಎಂದು ವಿವರಣೆ ಬೇರೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ನಾಲ್ಕನೆಯ ಕಲ್ಲು ಹಿಂದಿನ ಸಂಜೆಯೇ ಟೆಂಪೋದಲ್ಲಿ ಬಂದು ನನ್ನ ಹೋಟೆಲಿನ ಪಕ್ಕ ಇಳಿಯಿತು. ಬೆಳಿಗ್ಗೆ ಒಯ್ಯುತ್ತೇವೆ, ನೋಡಿಕೊಂಡಿರು ಎಂದರು.

ಆರತಿಗೆ ಮೊದಲಿನಿಂದಲೂ ಚಿಕ್ಕಬೀರಮ್ಮನೇ. ಅವಳನ್ನು ಬಿಟ್ಟರೆ ಊರು ಮಾತಾಡುತ್ತದೆ ಎಂದು ಬಸವರಾಜು ತಾನೇ ಒಂದು ಸೀರೆ ಹಿಡಿದುಕೊಂಡು ಅವಳ ಮನೆಗೆ ಹೋದ. ಸೀರೆ ಬೇಡ ಎಂದಳು. ಪೂಜೆಗೆ ಮಾತ್ರ "ಬತ್ತೀನಿ ಓಗಿ" ಎಂದಳು.

ಬಂದಳು. ಶಾಮಿಯಾನ ಹಾಕಿದ್ದರು, ಕುರ್ಚಿ ಹಾಕಿದ್ದರು, ಮೈಕಿನಲ್ಲಿ ಸ್ವಾಗತ ನಡೆಯುತ್ತಿತ್ತು. ಬಿಳಿ ಬಟ್ಟೆಯ ಮುಖ್ಯ ಅತಿಥಿಗಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಹಿತ್ತಾಳೆ ತಟ್ಟೆಯ ಮೇಲೆ ಬಟ್ಟೆ ಮುಚ್ಚಿಕೊಂಡು ಅವಳು ನೆಟ್ಟಗೆ ಕಲ್ಲುಗಳ ಮುಂದೆ ಹೋಗಿ ಕೂತಳು. ಬಟ್ಟೆ ತೆಗೆದಳು. ತಟ್ಟೆಯಲ್ಲಿ ಆರತಿ ಇರಲಿಲ್ಲ. ಒಂದು ಲೋಟ ಹಾಲು, ಒಂದು ಬಟ್ಟಲು ತುಪ್ಪ, ಎಕ್ಕದ ಎಲೆ, ಒಂದು ಬಾಳೆ ಎಲೆ.

ಅದು ಯಾವುದರ ಸಾಮಾನು ಎಂದು ನಮ್ಮ ಕಡೆ ಹಾಲುಗಲ್ಲದ ಮಗುವಿಗೂ ಗೊತ್ತು. ಹೆಣ ಹೂತ ಮೂರನೇ ದಿನ ಗುಡ್ಡೆಯ ಹತ್ತಿರ ಹೋಗಿ ಸತ್ತವರಿಗೆ ಹಾಲು ತುಪ್ಪ ಬಿಡುತ್ತೇವೆ. ಸತ್ತವರಿಗೆ ಏನು ಇಷ್ಟವೋ ಅದನ್ನು ಎಡೆ ಇಡುತ್ತೇವೆ. ಚಿಕ್ಕಬೀರಮ್ಮ ಎಕ್ಕದ ಎಲೆಯಲ್ಲಿ ಹಾಲು ಅದ್ದಿ ಒಂದೊಂದು ಕಲ್ಲಿನ ತಲೆಯ ಮೇಲೂ ಬಿಟ್ಟಳು. ತುಪ್ಪ ಬಿಟ್ಟಳು. ಬಾಳೆ ಎಲೆ ಹಾಸಿದಳು. ಮಡಿಲಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿ ಎಲೆಯ ಮೇಲೆ ಸುರಿದಳು. ಅದು ಸಿಮೆಂಟು.

"ಉಣ್ಣವ್ವ" ಎಂದಳು. "ಬದುಕಿದ್ದಾಗ ನೀನು ತಿಂದದ್ದು ಇದನ್ನೇ ಅಲ್ವಾ?"

ಮೈಕಿನವನು ಬಾಯಿ ಬಿಟ್ಟುಕೊಂಡು ನಿಂತ. ಅವಳು ಜಡೆ ಬಿಚ್ಚಿ ತಲೆ ಕೆದರಿಕೊಂಡು, ಎದೆ ಬಡಿದುಕೊಂಡು, ಹೆಣದ ಮುಂದೆ ಹೆಂಗಸರು ಸತ್ತವರ ಬದುಕನ್ನು ಹೇಳಿಕೊಂಡು ಅಳುತ್ತಾರಲ್ಲ, ಹಾಗೆ ರಾಗ ತೆಗೆದಳು.

"ಎಂಟು ಲಕ್ಸಕ್ಕೆ ಹುಟ್ಟಿದ್ಯಲ್ಲವ್ವೋ... ಮೂವತ್ತು ಲಕ್ಸಕ್ಕೆ ಮೈನೆರೆದ್ಯಲ್ಲವ್ವೋ... ಕೋಟಿಗೆ ಮದ್ವೆ ಆದ್ಯಲ್ಲವ್ವೋ... ಒಂದು ದಿನ ಎದ್ದು ನಿಲ್ದಲೇ ಸತ್ತ್ಯಲ್ಲವ್ವೋ... ನಿನ್ನ ಸಾಕಾಕೆ ನನ್ನ ಮಗ್ಳು ಮಣ್ಣನ್ನೂ ತಿಂದ್ಯಲ್ಲವ್ವೋ..."

ಮಗಳು ಎನ್ನುವ ಮಾತು ಬಂದದ್ದೇ ಅವಳ ರಾಗ ಮುರಿಯಿತು. ಆಮೇಲೆ ಬಂದದ್ದು ಹಾಡಲ್ಲ. "ಪವಿತ್ರಾ, ಪವಿತ್ರಾ" ಎಂದು ಕೂಗಿದಳು. ಒಂದು ವರ್ಷದಿಂದ ಕಟ್ಟಿಕೊಂಡಿದ್ದ ಅಳು. ಹೆಂಗಸರು ಒಬ್ಬೊಬ್ಬರಾಗಿ ಸೆರಗು ಬಾಯಿಗೆ ಒತ್ತಿಕೊಂಡು ಅವಳ ಸುತ್ತ ಕೂತರು. ಹದಿನೈದು ವರ್ಷದ ಹಿಂದೆ ಹುಡುಗಿ ಸತ್ತಾಗ ಅತ್ತ ಹಾಗೆಯೇ ಅತ್ತರು.

ಪುರೋಹಿತರು ಚಾಪೆ ಸುತ್ತಿದರು. ಹಾಲು ತುಪ್ಪ ಬಿಟ್ಟ ಜಾಗದಲ್ಲಿ ಗುದ್ದಲಿ ಪೂಜೆ ಆಗುವುದಿಲ್ಲ, ಅಲ್ಲಿ ನಿಂತವರು ಸ್ನಾನ ಮಾಡದೆ ಇನ್ನೊಂದು ಕಾರ್ಯಕ್ಕೆ ಹೋಗುವಂತಿಲ್ಲ. ಬಿಳಿ ಬಟ್ಟೆಯವರು ಸೂತಕ ಬೆನ್ನಟ್ಟಿಕೊಂಡು ಬಂದ ಹಾಗೆ ಎದ್ದು ಕಾರು ಹತ್ತಿದರು. ಬಸವರಾಜು ಅವರ ಹಿಂದೆ "ಸಾರ್, ಸಾರ್" ಎಂದು ಓಡಿದ. ಚಾಮಯ್ಯ ಮಾತ್ರ ಬಿಡಲಿಲ್ಲ, ಕಣ್ಣು ಮೇಲೆ ಮಾಡಿ ಮೈ ನಡುಗಿಸತೊಡಗಿದ. ಚಿಕ್ಕಬೀರಮ್ಮ ಕೆದರಿದ ತಲೆಯಲ್ಲೇ ತಿರುಗಿ ನೋಡಿದಳು.

"ದ್ಯಾವ್ರು ಬದುಕಿದ್ರೆ ಮೈಮ್ಯಾಲೆ ಬತ್ತದೆ ಕಣ್ಲಾ ಚಾಮ. ಸತ್ತು ಹಾಲು ತುಪ್ಪ ಆದ್ಮೇಲೆ ಬರೋದ್ನ ದೆವ್ವ ಅಂತಾರೆ. ಬಂದದಾ ನೋಡು. ಬಂದಿದ್ರೆ ಹೇಳು, ಬೇವಿನ ಬರಲು ತತ್ತೀನಿ."

ಚಾಮಯ್ಯನ ನಡುಕ ನಿಂತಿತು.

ಆಮೇಲೆ ಸಣ್ಣಬೀರಯ್ಯ ಎದ್ದು ಮನೆಗೆ ಹೋದ. ಹೆಂಡತಿಗೆ ನೀರು ತರಲು ಹೋದ ಎಂದುಕೊಂಡೆವು. ಬಂದಾಗ ಅವನ ಹೆಗಲ ಮೇಲೆ ಹಾರೆ ಇತ್ತು. ಕಟ್ಟೆ ಹತ್ತಿ, ಮೊದಲನೆಯ ಕಲ್ಲಿನ ಬುಡಕ್ಕೆ ಹಾರೆ ಹಾಕಿದ. "ಸತ್ತೋರ್ನ ಮನೇಲಿ ಇಟ್ಕಬಾರ್ದು" ಎಂದ. ಆ ದಿನವೆಲ್ಲ ಅವನು ಆಡಿದ್ದು ಅದೊಂದೇ ಮಾತು. ನಾವೆಲ್ಲ ಎದ್ದೆವು. ಹಾಲು ತುಪ್ಪ ಆದ ಕಲ್ಲಿಗೆ ಹೆದರುವವರು ಯಾರು? ಮೂರನ್ನೂ 'ಒಂದು, ಎರಡು' ಎಂದು ಕೂಗಿ ಮೀಟಿ, ಭಿನ್ನವಾದ ವಿಗ್ರಹವನ್ನು ನೀರಿಗೆ ಬಿಡುವ ಹಾಗೆ ಹೊಳೆಗೆ ಬಿಟ್ಟೆವು. ಅಮೃತ ಹಸ್ತಗಳೆಲ್ಲ ಕಬಿನಿಯ ತಳ ಸೇರಿದವು.

ಮಾರನೆಯ ದಿನದಿಂದ ಮನೆಗೊಂದಾಳು ಬಂದು ಸಂದು ಮುಚ್ಚಿದೆವು. ಹಳೇ ಕಟ್ಟೆಯ ಮೇಲೇ ಕಲ್ಲು ಒಟ್ಟಿ, ಹಿಂದೆ ಮಣ್ಣು ತುಂಬಿ ದಮ್ಮಸ್ಸು ಮಾಡಿದೆವು. ಚಿಕ್ಕಬೀರಮ್ಮ ಎಲ್ಲಿಂದಲೋ ಲಕ್ಕಿ ಕಡ್ಡಿ ತಂದು ಮಣ್ಣಿಗೆ ಚುಚ್ಚುತ್ತಾ ಹೋದಳು. ಮುಂಗಾರು ಬರುವ ಮೊದಲೇ ಮುಗಿಯಿತು. ಅದಕ್ಕೆ ಅಂದಾಜೂ ಇರಲಿಲ್ಲ, ಪರಿಷ್ಕೃತ ಅಂದಾಜೂ ಇರಲಿಲ್ಲ. ಆ ವರ್ಷ ಹೊಳೆ ಬಂದು ಗೋಡೆ ಮುಟ್ಟಿ ವಾಪಸು ಹೋಯಿತು.

ಇಷ್ಟಕ್ಕೇ ಮುಗಿಯಿತು ಎಂದುಕೊಳ್ಳಬೇಡಿ. ಮಳೆಗಾಲ ಕಳೆದ ಮೇಲೆ ಕಚೇರಿಯಿಂದ ಇಬ್ಬರು ಬಂದು, ನಾವು ಮುಚ್ಚಿದ ಸಂದಿಗೆ ಟೇಪು ಹಿಡಿದು, ಫೋಟೋ ತೆಗೆದುಕೊಂಡು ಹೋದರು. ಕಾಮಗಾರಿ ಪೂರ್ಣಗೊಂಡಿದೆ ಎಂದು ಬಸವರಾಜುವಿಗೆ ಬಿಲ್ಲಾಯಿತು. ಇದನ್ನೂ ನನ್ನ ಬೆಂಚಿನ ಮೇಲೆಯೇ ಹೇಳಿದರು. ಟೀ ದುಡ್ಡನ್ನೂ ಕೊಡದೆ ಹೋದರು.

ನಾಲ್ಕನೆಯ ಕಲ್ಲು ನನ್ನಲ್ಲೇ ಉಳಿಯಿತು. ಯಾರೂ ಕೇಳಲು ಬರಲಿಲ್ಲ. ನಾನು ಅದನ್ನು ಮಕಾಡೆ ಕೆಡವಿ ನಾಲ್ಕು ಇಟ್ಟಿಗೆಯ ಮೇಲೆ ಇಟ್ಟೆ, ಮೂರನೇ ಬೆಂಚಾಯಿತು. ಗಿರಾಕಿಗಳು ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಚಿಕ್ಕಬೀರಮ್ಮ ಮಾತ್ರ ಒಂದು ದಿನವೂ ಕೂರಲಿಲ್ಲ. ಕುಕ್ಕೆ ಇಳಿಸಿ ನಿಂತೇ ಟೀ ಕುಡಿಯುತ್ತಿದ್ದಳು. ಒಂದು ದಿನ ಬಗ್ಗಿ, ಆ ಕಲ್ಲಿನ ನುಣುಪಾದ ಬೆನ್ನನ್ನು ಅಂಗೈಯಿಂದ ಸವರಿ ನೋಡಿದಳು.

"ಈ ಕಡೆ ಏನೂ ಬರ್ದಿಲ್ಲ ಅಲ್ವಾ ಲಿಂಗಣ್ಣ?"

"ಇಲ್ಲ ಕಣಕ್ಕ."

"ಪವಿತ್ರಾ ಅಂತ ಬರುಸ್ಕೊಡು."

ಕಲ್ಲು ಕೆತ್ತುವವನನ್ನು ಹೋಟೆಲಿಗೇ ಕರೆಸಿದೆ. ಅವನು ಕೆತ್ತುವಷ್ಟು ಹೊತ್ತೂ ಅವಳು ಎದುರಿಗೇ ಕೂತಿದ್ದಳು. ಮುಗಿದ ಮೇಲೆ ಪುಡಿ ಊದಿ, ಒಂದೊಂದು ಅಕ್ಷರದ ಮೇಲೂ ಬೆರಳು ಆಡಿಸಿ, ಬಾಗಿಲ ಮೇಲೆ, ವಾಡೆಯ ಮೇಲೆ ನೋಡಿದ್ದು ಇದೇ ಎಂದು ಖಾತ್ರಿ ಮಾಡಿಕೊಂಡಳು. ಸಣ್ಣಬೀರಯ್ಯ ಗಾಡಿ ತಂದ. ಗೋಡೆಯ ಹಿಂದೆ, ಹೊಂಡ ತುಂಬಿ ಸಮ ಮಾಡಿದ ಜಾಗದಲ್ಲಿ ಅದನ್ನು ಮಲಗಿಸಿದೆವು. ಪವಿತ್ರಾ ಮೇಲೆ, ಉಳಿದ ಹೆಸರುಗಳೆಲ್ಲ ಕೆಳಗೆ ಮಣ್ಣಿನಲ್ಲಿ.

ಅದರ ಅಡಿಯಲ್ಲಿ ಮಗಳಿಲ್ಲ ಎಂದು ಅವಳಿಗೂ ಗೊತ್ತು, ನಮಗೂ ಗೊತ್ತು. ಆದರೂ ಪಿತೃಪಕ್ಷದಲ್ಲಿ ಒಬ್ಬಟ್ಟಿನ ಎಡೆ ಈಗ ಅಲ್ಲೇ. ಮೊದಲ ವರ್ಷ ನಾನೂ ಹೋಗಿದ್ದೆ. ಎಲೆಯನ್ನು ಕಲ್ಲಿನ ಬುಡದ ಮಣ್ಣಿನ ಮೇಲೆ ಇಡಲು ಬಗ್ಗಿದೆ. ಚಿಕ್ಕಬೀರಮ್ಮ ನನ್ನ ಕೈ ತಡೆದಳು.

"ನೆಲಕ್ಕೆ ಇಡಬ್ಯಾಡ, ಕಲ್ಲಿನ ಮ್ಯಾಲೆ ಇಡು. ಕೆಳಗೆ ಮಕಾಡೆ ಬಿದ್ದವ್ರಲ್ಲ, ಅವ್ರಿಗೆ ಒಂದು ಅಗುಳೂ ಉದುರ್ಬಾರ್ದು. ಅವ್ರು ತಿಂದದ್ದು ಸಾಕು."